ಹುಡುಕಿದರೆ ಮೊದಲು ಸಿಗುವ ಅಂಗಡಿ

ಅಂಗಡಿಯ ಹಿಂದಿನ ಕೋಣೆ
ಶುಕ್ರವಾರ, ಮಾರ್ಚ್ ಹದಿನಾಲ್ಕು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮಗು ನಡೆಯಲು ಶುರುಮಾಡಿತೇ? ಕೋಪ ಎಷ್ಟೇ ಇರಲಿ, ಆರೋಗ್ಯ ವಿಚಾರಿಸದೆ ಕಾಗದ ಬರೆಯುವುದು ನನಗೆ ಬರುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ.

ನಿನ್ನ ಅಕ್ಕ ಈಗ ವಿದ್ಯಾರ್ಥಿನಿ, ನಗಬೇಡ. ಶನಿವಾರ ಬೆಳಿಗ್ಗೆ ಗ್ರಂಥಾಲಯದ ಮಹಡಿಯಲ್ಲಿ, ಹೊಸದಾಗಿ ವೆಬ್‌ಸೈಟ್ ಮಾಡಿಕೊಂಡವರಿಗೆ ಪಾಠವಿದೆ. ಜನ ಫೋನಿನಲ್ಲಿ ಹುಡುಕಿದಾಗ ನಮ್ಮ ಅಂಗಡಿ ಮೇಲೆ ಬರಬೇಕಾದರೆ ಏನು ಮಾಡಬೇಕು ಅನ್ನುವ ಪಾಠ. ಯಾಕೆ ಸೇರಿದೆ ಅಂತ ನಿನಗೆ ಹೇಳಬೇಕಾಗಿಲ್ಲ. ಐದು ವರ್ಷದ ಹಿಂದೆ ಅಪ್ಪನ ಹೊಲಿಗೆ ಮಿಷನ್ ರಿಪೇರಿ ಅಂಗಡಿಗೆ ನೀನೇ ವೆಬ್‌ಸೈಟ್ ಮಾಡಿದೆ. ಜಗಳವಾಡಿ ಬೇರೆಯಾಗುವಾಗ ಅದನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಅಂಗಡಿಯ ಹೆಸರು ಹಾಗೇ ಇದೆ, ‘ನಲವತ್ತು ವರ್ಷದ ಅನುಭವ’ ಹಾಗೇ ಇದೆ, ವಿಳಾಸ ಮತ್ತು ಫೋನ್ ನಂಬರ್ ಮಾತ್ರ ಹೊಸ ಮಿಷನ್ ಮಾರುವ ನಿನ್ನ ಅಂಗಡಿಯದು. ನಲವತ್ತು ವರ್ಷವಂತೆ! ನಿನಗಿನ್ನೂ ಮೂವತ್ತೊಂದು ಕಣೋ.

ನಾನು ನಮಗೊಂದು ಹೊಸ ಪುಟ ಬರೆದು ಜಂಬದಿಂದ ತೋರಿಸಿದೆ. ‘ಶಟಲ್ ಟೈಮಿಂಗ್ ಹೊಂದಿಸಿಕೊಡಲಾಗುವುದು.’ ಪಾಠದ ಮೇಡಂ ಕನ್ನಡಕ ತೆಗೆದು ಕೇಳಿದರು, “ಇದನ್ನ ಯಾರಮ್ಮ ಹುಡುಕ್ತಾರೆ? ಮಿಷನ್ ಕೆಟ್ಟವರು ಬಂದು ಏನಂತಾರೆ?” ದಾರ ಪದೇ ಪದೇ ಕಡಿಯುತ್ತೆ ಅಂತಾರೆ, ಅಂದೆ. “ಹಾಗಿದ್ರೆ ಹಾಗೇ ಬರೀರಿ.” ಇಷ್ಟು ವರ್ಷ ಅಂಗಡಿಯಲ್ಲಿ ಕೂತು ಕೇಳಿಸಿಕೊಂಡ ಮಾತು, ಬರೆಯುವಾಗ ಮಾತ್ರ ಹೊಳೆಯಲಿಲ್ಲ ನೋಡು. ಈಗ ಒಂದೊಂದು ದೂರಿಗೆ ಒಂದೊಂದು ಪುಟ ಮಾಡಿದ್ದೇನೆ. ತಲೆಬರಹ ನೇರವಾಗಿರಬೇಕು, ವಿಳಾಸ ಎಲ್ಲ ಕಡೆ ಒಂದೇ ಥರ ಇರಬೇಕು, ಫೋಟೊ ಭಾರವಾಗಿ ಪುಟ ತೆರೆಯುವುದು ತಡವಾದರೆ ಜನ ಕಾಯುವುದಿಲ್ಲ. ನಮ್ಮ ಜೊತೆಯ ಬೀಗದವನು ಒಂದೇ ಪುಟದಲ್ಲಿ ಅರವತ್ತು ಸಲ ‘ಬೀಗ’ ಅಂತ ಬರೆದು ಚೆನ್ನಾಗಿ ಬೈಸಿಕೊಂಡ. ಇಷ್ಟೆಲ್ಲ ಮಾಡಿದರೂ ತಿಂಗಳುಗಟ್ಟಲೆ ತಾಳ್ಮೆ ಬೇಕಂತೆ. ತಾಳ್ಮೆಯಂತೆ, ನನಗೆ!

ಹೋದ ವಾರ ಕೇಳಿಯೇಬಿಟ್ಟೆ, ನನ್ನ ತಮ್ಮನದು ಯಾಕೆ ಕದಲದೆ ಮೇಲೆ ಕೂತಿದೆ ಅಂತ. ಬೇರೆ ಸೈಟುಗಳು ಲಿಂಕ್ ಹಾಕಿ ನಮ್ಮ ಕಡೆ ಕೈ ತೋರಿಸಿದರೆ ಅದು ಶಿಫಾರಸು ಇದ್ದ ಹಾಗೆ, ಅಂದರು ಮೇಡಂ. ನಿನಗೆ ಯಾರು ಯಾರು ಕೈ ತೋರಿಸುತ್ತಿದ್ದಾರೆ ಅನ್ನುವ ಪಟ್ಟಿ ತೆಗೆದರು. ದರ್ಜಿಗಳ ಸಂಘ, ಹೊಲಿಗೆ ಶಾಲೆ, ಬಟ್ಟೆ ಅಂಗಡಿ, ನಾಟಕದವರು, ಒಟ್ಟು ಹದಿನೆಂಟು. ತಮ್ಮಾ, ಆ ಹದಿನೆಂಟು ಕಡೆಗೂ ನಾನೇ ಚಪ್ಪಲಿ ಸವೆಸಿದ್ದೆ. “ನಮ್ಮ ಹುಡುಗ ಮಾಡಿದ್ದಾನೆ, ನಿಮ್ಮ ಪುಟದಲ್ಲಿ ಒಂದು ಸಾಲು ಹಾಕಿ” ಅಂತ ಹಲ್ಲು ಗಿಂಜಿದ್ದೆ. ನೀನು ಹತ್ತಿದ ಏಣಿ ಹಿಡಿದುಕೊಂಡವಳು ನಾನೇ. ತರಗತಿಯಲ್ಲೇ ಅತ್ತುಬಿಟ್ಟೆ, ನಮ್ಮ ಜೊತೆ ಕಲಿಯುವ ಕೇಕ್ ಮಾಡುವ ಹೆಂಗಸು ನೀರು ಕೊಟ್ಟಳು.

ಗಿರಾಕಿ ನಿನ್ನಲ್ಲಿಗೆ ಹೋದರೆ ಹೋಗಲಿ, ಅದನ್ನು ನುಂಗಿಕೊಳ್ಳುತ್ತಿದ್ದೆ. ಅಪ್ಪನ ಕ್ರಮ ನಿನಗೆ ಗೊತ್ತು. ಆಗುವುದಿಲ್ಲ ಅನ್ನುವ ಮೊದಲು ಮಿಷನ್ನನ್ನು ಒಂದು ವಾರ ಮೇಜಿನ ಕೆಳಗಿಟ್ಟುಕೊಂಡು ದಿನಾ ಬಿಚ್ಚಿ ನೋಡುತ್ತಾರೆ, ಬಿಡಿಭಾಗ ಸಿಗದಿದ್ದರೆ ತಾವೇ ಅರದಿಂದ ಉಜ್ಜಿ ಮಾಡುತ್ತಾರೆ. ಗುಜರಿ ಅನ್ನುವ ಮಾತು ಅವರ ಬಾಯಲ್ಲಿ ಬಂದಿದ್ದೇ ಇಲ್ಲ. ಕೋಟುಗಳಿಗೆ ಗುಂಡಿ ಹಾಕುವ ನಮ್ಮ ಗುಂಡಿಯಮ್ಮ ಹೋದ ತಿಂಗಳು ಫೋನಿನಲ್ಲಿ ಹುಡುಕಿ, ಅಪ್ಪನ ಅಂಗಡಿಯೇ ಅಂದುಕೊಂಡು ನಿನ್ನಲ್ಲಿಗೆ ಬಂದಳು. ಹಳೆಯದನ್ನು ಅಲ್ಲೇ ಬಿಟ್ಟು ಹೊಸದು ಕೊಂಡಳು. ಆಮೇಲೆ ಇಲ್ಲಿ ಬಂದು ಅಪ್ಪನ ಮುಖಕ್ಕೇ ಕೇಳಿದಳು, “ನಿಮ್ಮೋರೇ ಗುಜರಿ ಅಂದ್ರಲ್ಲ, ನೀವಾದ್ರೂ ಒಂದ್ಸಲ ನೋಡ್ಬಾರದಿತ್ತಾ?” ಅಪ್ಪ ತಲೆ ತಗ್ಗಿಸಿದರು. ಅವಳು ಹೋದ ಮೇಲೆ ನನಗೇ ಸಮಾಧಾನ ಹೇಳಿದರು, “ಅವನು ಹಾಗೆ ಅಂದಿರಲ್ಲ ಬಿಡು. ನನ್ನ ಕೈಲಿ ಕಲಿತೋನು.”

ನಾಳೆಯಿಂದ ಆ ಹದಿನೆಂಟು ಬಾಗಿಲಿಗೂ ಹೋಗಿ ಆ ಸಾಲು ತೆಗೆಯಿರಿ ಅನ್ನುತ್ತೇನೆ. ಬೆನ್ನ ಹಿಂದೆ ಮಾಡಿದಳು ಅನ್ನಬೇಡ, ಅದಕ್ಕೇ ಮೊದಲು ನಿನಗೆ ಬರೆದೆ.

ನಿನ್ನ ಹೆಂಡತಿಯನ್ನು ಕೇಳಿದೆ ಅಂತ ಹೇಳು, ಮಗುವಿಗೆ ಅತ್ತೆಯ ಮುತ್ತು. ನಿನಗೂ ಒಳ್ಳೆಯದಾಗಲಿ, ಇದನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಮಂಗಳವಾರ ಅಪ್ಪ ನಿನ್ನ ಅಂಗಡಿಗೆ ಬಂದಿದ್ದರು. ನೀನು ಇರಲಿಲ್ಲ. ಯಾರೆಂದು ಹೇಳಿಕೊಳ್ಳದೆ ಅಮ್ಮನ ಮಿಷನ್ನನ್ನು ಕೌಂಟರಿನ ಮೇಲಿಟ್ಟರಂತೆ. ಅಮ್ಮ ತೀರಿಹೋಗುವ ಹಿಂದಿನ ವಾರದವರೆಗೂ ಹೊಲಿದ ಮಿಷನ್, ಸೋಮವಾರವಷ್ಟೇ ಅಪ್ಪ ಎಣ್ಣೆ ಹಾಕಿ ಓಡಿಸಿ ನೋಡಿದ್ದು. ನಿನ್ನ ಕೆಲಸದವನು ದಾರವನ್ನೂ ಪೋಣಿಸದೆ “ಗುಜರಿ ಯಜಮಾನ್ರೇ, ಹೊಸದು ತಗೊಳ್ಳಿ” ಅಂದ. “ನಿಮ್ಮ ಸಾಹುಕಾರ್ರಿಗೆ ಒಂದ್ಸಲ ತೋರ್ಸಪ್ಪ” ಅಂತ ಹೇಳಿ ಅಲ್ಲೇ ಬಿಟ್ಟು ಬಂದಿದ್ದಾರೆ. ನೋಡಿದ ತಕ್ಷಣ ನೀನು ಗುರುತು ಹಿಡಿಯುತ್ತೀಯಂತೆ, ಫೋನ್ ಮಾಡುತ್ತೀಯಂತೆ. ಇವತ್ತು ಶುಕ್ರವಾರ. ಫೋನ್ ಹೊಡೆದುಕೊಂಡರೆ ನನಗೆ ಮುಟ್ಟಲು ಬಿಡುವುದಿಲ್ಲ, ತಾವೇ ಎದ್ದು ಹೋಗಿ ಎತ್ತುತ್ತಾರೆ.