ಬಾಟಲಿಯೊಳಗಿನ ಇಪ್ಪತ್ತು ಡಿಗ್ರಿ

ಹೊಲಿಗೆ ಮೇಜಿನಿಂದ,
ಗುರುವಾರ, ಮಾರ್ಚ್ ೧೪, ಮಧ್ಯಾಹ್ನ

ನನ್ನ ಮುದ್ದಿನ ಮಗಳೇ,

ಹೇಗಿದ್ದೀಯ? ಸುರಂಗದ ಕೆಲಸದ ಧೂಳಿಗೆ ಹತ್ತಿದ್ದ ಕೆಮ್ಮು ಹೋಯಿತೇ? ನಾನು ಹೊಲಿದುಕೊಟ್ಟ ಆರು ಮುಖವಸ್ತ್ರಗಳೂ ನಿನ್ನ ಪೆಟ್ಟಿಗೆಯಲ್ಲೇ ಕೊಳೆಯುತ್ತಿರುತ್ತವೆ ಎಂದು ನನಗೆ ಗೊತ್ತು, ಒಂದನ್ನಾದರೂ ಕಟ್ಟಿಕೋ. ನನ್ನ ಮೊಣಕಾಲು ಎಂದಿನಂತೆ ಹಟ ಹಿಡಿದಿದೆ. ಫೋನಿನಲ್ಲಿ ಹೇಳುವುದನ್ನು ಈ ಮುದುಕ ಕಾಗದದಲ್ಲಿ ಯಾಕೆ ಗೀಚುತ್ತಾನೆ ಎಂದು ಹುಬ್ಬು ಗಂಟಿಕ್ಕಬೇಡ. ನಮ್ಮದು ಒಂದೂವರೆ ಕೋಣೆಯ ಮನೆ. ನಿನ್ನಮ್ಮನ ಉಸಿರು ಸಣ್ಣದಾಗಿದ್ದರೂ ಕಿವಿ ಮಾತ್ರ ಬಲು ಚುರುಕು. ಅದಕ್ಕೇ ಮೊನ್ನೆ ಫೋನಿನಲ್ಲಿ ನಿನಗೆ ಸುಳ್ಳು ಹೇಳಿದೆ. ಬ್ಯಾಟರಿಯ ಬಿಸಿ ಅಳೆಯುವ ನಿನ್ನ ವೈರ್‌ಲೆಸ್ ಸೆನ್ಸರ್ ಕೆಟ್ಟುಹೋಗಿದೆ ಎಂದೆನಲ್ಲ, ಅದಕ್ಕೆ ಏನೂ ಆಗಿಲ್ಲ. ಕೆಟ್ಟದ್ದು ನನ್ನ ಬುದ್ಧಿ.

ಕಳೆದ ರಜೆಯಲ್ಲಿ ಬಂದಾಗ ನೀನು ಹಿತ್ತಲಿನ ತಗಡಿನ ಗೂಡಿನಲ್ಲಿ ಸೋಲಾರ್ ಬ್ಯಾಟರಿಗಳನ್ನು ಜೋಡಿಸಿ, ಒಂದರ ಬೆನ್ನಿಗೆ ಆ ದುಂಡನೆಯ ಸೆನ್ಸರನ್ನು ಅಂಟಿಸಿ ಹೋದೆ. ಬಿಸಿಲೇರಿದ ಮೇಲೆ ಅಂಟು ಕರಗಿರಬೇಕು. ತಿಂಗಳ ಹಿಂದೆ ಗುಡಿಸುವಾಗ ಕಪ್ಪಗೆ ಏನೋ ನೆಲದಲ್ಲಿ ಬಿದ್ದಿತ್ತು. ಕನ್ನಡಕ ಹಾಕಿರಲಿಲ್ಲ. ನಲವತ್ತು ವರ್ಷ ಬಿದ್ದ ಗುಂಡಿಗಳನ್ನು ಎತ್ತಿಟ್ಟ ಕೈ ಇದು. ಯಾವುದೋ ಕೋಟಿನದು ಎಂದುಕೊಂಡು ಒಳಗೆ ತಂದು ಗುಂಡಿಗಳ ಗಾಜಿನ ಬಾಟಲಿಗೆ ಹಾಕಿದೆ. ಬಾಟಲಿ ಇರುವುದು ನಿನ್ನಮ್ಮನ ಮಂಚದ ಪಕ್ಕದ ಕಿಟಕಿಯಲ್ಲಿ, ಮನೆಯಲ್ಲೇ ತಂಪಾದ ಜಾಗ. ಅಲ್ಲಿ ಕುಳಿತು ಅದು ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತಿತ್ತು. ನೀನು ಫೋನ್ ಮಾಡಿದಾಗಲೆಲ್ಲ “ಬ್ಯಾಟರಿ ಇಪ್ಪತ್ತು ಡಿಗ್ರಿ ಇದೆ ಅಪ್ಪಾ, ತಣ್ಣಗಿದೆ, ಆರಾಮಾಗಿರಿ” ಅನ್ನುತ್ತಿದ್ದೆ. ನಾನೂ ಆರಾಮಾಗಿದ್ದೆ.

ಚಾರ್ಜರ್ ಕೂಡ ಅದನ್ನೇ ನಂಬಿತ್ತು. ಬಿಸಿಯಾದ ಬ್ಯಾಟರಿಗೆ ಕಡಿಮೆ ಉಣಿಸಬೇಕಂತೆ, ತಣ್ಣಗಿದ್ದರೆ ಸ್ವಲ್ಪ ಜಾಸ್ತಿ. ಅತ್ತ ಗೂಡಿನಲ್ಲಿ ಬ್ಯಾಟರಿಗಳು ನಲವತ್ತೈದರಲ್ಲಿ ಬೇಯುತ್ತಿದ್ದರೆ, ಇದು ಇಪ್ಪತ್ತರ ಲೆಕ್ಕದಲ್ಲಿ ಗಂಟಲವರೆಗೆ ತುರುಕಿತು. ಒಳಗಿನ ನೀರೆಲ್ಲ ಆವಿಯಾಯಿತು, ಎರಡು ಬ್ಯಾಟರಿಗಳು ಹೊಟ್ಟೆ ಉಬ್ಬಿಸಿಕೊಂಡವು. ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕೊಳೆತ ಮೊಟ್ಟೆಯ ವಾಸನೆ ಬಂತು. ಎದ್ದು ನೋಡುವಷ್ಟರಲ್ಲಿ ಅಮ್ಮನಿಗೆ ಆಕ್ಸಿಜನ್ ಕೊಡುವ ಯಂತ್ರ ಒಮ್ಮೆ ಕಿರುಚಿ ಸುಮ್ಮನಾಯಿತು. ಕರೆಂಟಿನ ಕಂಬಗಳು ಇಳಿಜಾರಿನ ಕೆಳಗೇ ನಿಂತುಬಿಟ್ಟಿವೆ, ನಮಗೆ ಬೇರೆ ಗತಿ ಇಲ್ಲ. ತುರ್ತಿಗೆಂದಿಟ್ಟ ಸಣ್ಣ ಆಕ್ಸಿಜನ್ ಸಿಲಿಂಡರಿನ ಬಿರಡೆ ತಿರುಗಿಸಲು ನನ್ನ ಕೈಲಾಗಲಿಲ್ಲ. ಸೂಜಿಗೆ ದಾರ ಪೋಣಿಸುವ ಕೈ, ಬಿರಡೆಯನ್ನು ಉಲ್ಟಾ ತಿರುಗಿಸಿ ಇನ್ನಷ್ಟು ಬಿಗಿಮಾಡಿತು. ಕೊನೆಗೆ ಅಮ್ಮನೇ ತಿರುಗಿಸಿಕೊಂಡಳು. ಸೋಲಾರ್ ಮೆಕ್ಯಾನಿಕ್ ಹುಡುಗಿ ಸ್ಕೂಟರ್ ಓಡಿಸಿಕೊಂಡು ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಸಿಲಿಂಡರಿನ ಮುಳ್ಳನ್ನೇ ನೋಡುತ್ತ ಕುಳಿತೆ.

ಆ ಹುಡುಗಿ ತನ್ನ ಗಾಡಿಯ ಬ್ಯಾಟರಿಯನ್ನೇ ಬಿಚ್ಚಿ ತಂದು ಯಂತ್ರ ಓಡುವಂತೆ ಮಾಡಿದಳು. ಆಮೇಲೆ ಗೂಡಿನಿಂದ ಬಂದು ಕೇಳಿದಳು, “ತಾತ, ಅಲ್ಲಿ ಮುಟ್ಟಿದ್ರೆ ಕೈ ಸುಡುತ್ತೆ, ಚಾರ್ಜರ್ ಇಪ್ಪತ್ತು ಅಂತಿದೆ. ಸೆನ್ಸರ್ ಎಲ್ಲಿಟ್ಟಿದ್ದೀರಿ?” ಗುಂಡಿಗಳ ಬಾಟಲಿಯನ್ನು ಅವಳ ಮುಂದೆ ಸುರಿದೆ. ನಿನ್ನಮ್ಮ ಈಗಲೂ ಬ್ಯಾಟರಿ ಹಳತಾಗಿತ್ತು ಎಂದೇ ತಿಳಿದಿದ್ದಾಳೆ. ನನ್ನ ಕೈಯಿಂದಲೇ ಅವಳ ಉಸಿರಿಗೆ ಕುತ್ತು ಬಂತು ಎಂದು ಅವಳೆದುರಿಗೆ ಹೇಳುವ ಧೈರ್ಯ ನನಗಿಲ್ಲ. ನೀನಾದರೂ ಹೊಟ್ಟೆಗೆ ಹಾಕಿಕೋ.

ಇವತ್ತು ಬೆಳಿಗ್ಗೆ ಆ ಮೆಕ್ಯಾನಿಕ್ ಹುಡುಗಿ ಹೊಸ ಬ್ಯಾಟರಿಗಳ ಜೊತೆ ಎರಡನ್ನು ತಂದು ಮೇಜಿನ ಮೇಲಿಟ್ಟಳು. ಒಂದು ಅದೇ ವೈರ್‌ಲೆಸ್ಸು, ಈ ಸಲ ಗಟ್ಟಿ ಪಟ್ಟಿಯೊಂದಿಗೆ. ಇನ್ನೊಂದು ಉದ್ದ ತಂತಿ, ತುದಿಗೆ ತಾಮ್ರದ ಉಂಗುರ. “ಇದನ್ನ ಬ್ಯಾಟರಿ ಬೋಲ್ಟಿಗೇ ಬಿಗೀತೀನಿ. ತಂತಿ ತುಂಡಾದ್ರೆ ಚಾರ್ಜರ್ ಕೂಗ್ಕೊಳ್ಳುತ್ತೆ, ಸುಮ್ನೆ ಸುಳ್ಳು ಹೇಳಲ್ಲ” ಅಂದಳು. ಹಾಗಾದರೆ ಯೋಚನೆ ಏನು ಬಂತು ಅನ್ನುತ್ತೀಯ. ಚಾರ್ಜರಿನಲ್ಲಿ ಇರುವುದು ಒಂದೇ ಕಿಂಡಿ. ತಂತಿ ಹಾಕಿದರೆ ನಿನಗೆ ಸುದ್ದಿ ಕಳಿಸುವ ಡಬ್ಬಿಯನ್ನು ಕಿತ್ತುಹಾಕಬೇಕು, ನಿನ್ನ ಫೋನಿನಲ್ಲಿ ಮುಂದೆ ಏನೂ ಕಾಣುವುದಿಲ್ಲ. ಅದರ ಮೇಲೆ ಅವಳು ಇನ್ನೊಂದು ತೋರಿಸಿದಳು. ನೀನು ಎಷ್ಟು ಸಲ ನೋಡಿದೆ ಎಂದು ಆ ಡಬ್ಬಿ ಗುರುತು ಇಟ್ಟುಕೊಂಡಿರುತ್ತದೆ. ಕಳೆದ ಶನಿವಾರ ಒಂದೇ ದಿನ ಹನ್ನೊಂದು ಸಲ! ಸುರಂಗದಿಂದ ಹೊರಗೆ ತಲೆ ಹಾಕಿದಾಗಲೆಲ್ಲ ನೋಡಿದ್ದೀಯ. ವಾರಕ್ಕೊಂದು ಫೋನ್ ಮಾಡಲು ಪುರಸೊತ್ತಿಲ್ಲದ ಮಹಾರಾಣಿ ಎಂದು ನಿನ್ನನ್ನು ಎಷ್ಟು ಬೈದಿದ್ದೇನೋ. ವೈರ್‌ಲೆಸ್ಸೇ ಇರಲಿ ಎಂದು ಬಾಯಿಗೆ ಬಂದಿತ್ತು ಕಣೇ.

ಆದರೆ ನೀನು ಅಷ್ಟು ಸಲ ನೋಡಿದ್ದು ನನ್ನ ಗುಂಡಿ ಬಾಟಲಿಯನ್ನು. ತಂತಿಯನ್ನೇ ಹಾಕು ಅಂದೆ. ಗೋಡೆ ಕೊರೆದು, ಇಲಿ ಕಡಿಯದಂತೆ ಕೊಳವೆಯೊಳಗೆ ಎಳೆದಿದ್ದಾಳೆ. ಈಗ ಚಾರ್ಜರ್ ನಲವತ್ತೊಂದು ತೋರಿಸುತ್ತಿದೆ, ಕೈಯಿಟ್ಟರೂ ಅಷ್ಟೇ ಬಿಸಿ ಅನ್ನಿಸುತ್ತದೆ. ಆದರೂ ಅರ್ಧ ಗಂಟೆಗೊಮ್ಮೆ ಹೋಗಿ ಮೂಸಿ ನೋಡಿ ಬರುತ್ತಿದ್ದೇನೆ, ಭಯ ಬಿಟ್ಟಿಲ್ಲ.

ನಿನ್ನ ಜೊತೆಗಾರರಿಗೆಲ್ಲ ನನ್ನ ನೆನಪು ತಿಳಿಸು. ನಿನ್ನ ನೆತ್ತಿಯ ಮೇಲೆ ನನ್ನ ಕೈ ಇದೆ ಎಂದುಕೋ.

ಇಂತಿ,
ಮರೆಗುಳಿ ಟೈಲರ್, ನಿನ್ನಪ್ಪ

ತಾ.ಕ.: ಮೆಕ್ಯಾನಿಕ್ ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ, ಕಾಗದ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಇನ್ನೊಂದು ಮಾತಿದೆ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಅಮ್ಮನ ಯಂತ್ರವನ್ನು ಡಾಕ್ಟರು ಎರಡು ಲೀಟರಿನಿಂದ ನಾಲ್ಕಕ್ಕೆ ಏರಿಸಿ ಹತ್ತು ದಿನವಾಯಿತು. ಅದರಲ್ಲಿ ಐದರ ಮೇಲೆ ಅಂಕಿಯೇ ಇಲ್ಲ. ನಿನಗೆ ಹೇಳಕೂಡದು ಎಂದು ಅಮ್ಮ ಅಂದಿದ್ದಾಳೆ. ರಜೆ ಕೇಳುತ್ತ ಕೂರಬೇಡ, ಹೊರಟು ಬಾ.