ಹದಿನಾಲ್ಕನೇ ಮೊಳೆ

ಬೆಟ್ಟದ ಬುಡದ ಚೌಕಿ
ಮಂಗಳವಾರ, ಹದಿನೇಳನೇ ತಾರೀಖು, ಮಧ್ಯಾಹ್ನ

ಪೂಜ್ಯ ಮಾವನವರಿಗೆ,

ನಿಮ್ಮ ಅಳಿಯನ ನಮಸ್ಕಾರಗಳು. ಮಂಡಿ ನೋವು ಹೇಗಿದೆ? ಅಂಗೈ ತರಚಿದ್ದು ಮಾಯಿತೇ? ತರಚಿದ್ದು ಇವನಿಗೆ ಹೇಗೆ ಗೊತ್ತಾಯಿತು ಎಂದು ಹುಬ್ಬೇರಿಸಬೇಡಿ, ಮುಂದೆ ಹೇಳುತ್ತೇನೆ. ಕೆಮ್ಮು ಹತ್ತಿಕೊಂಡಿದ್ದರೆ ಬಿಸಿನೀರು ಕುಡಿಯಿರಿ, ಎದೆಗೆ ಉಣ್ಣೆ ಬಟ್ಟೆ ಸುತ್ತಿಕೊಳ್ಳಿ. ಯಾರ ಮೇಲೆ ಎಷ್ಟೇ ಸಿಟ್ಟಿರಲಿ, ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ಜಗಳಕ್ಕೆ ನಿಲ್ಲಬೇಕು ಎಂದು ನನ್ನ ಅಜ್ಜಿ ಕಲಿಸಿದ್ದಳು. ವಿಚಾರಿಸಿದ್ದಾಯಿತು. ಇನ್ನು ‘ಇಲ್ಲಿ ನಾವೆಲ್ಲರೂ ಕ್ಷೇಮ’ ಎಂದು ಬರೆಯಬೇಕು. ಅದನ್ನು ನಾನು ಬರೆಯುವುದಿಲ್ಲ.

ನಿಮ್ಮ ಕಾರ್ಡು ಶುಕ್ರವಾರ ಬಂತು. ಈಗಲೂ ಎದುರಿಗೇ ಇಟ್ಟುಕೊಂಡಿದ್ದೇನೆ. “ಸುಖವಾಗಿ ಮನೆ ತಲುಪಿದೆ. ಬೆಟ್ಟ ನೀವು ಹೇಳಿದಷ್ಟೇನೂ ಇಲ್ಲ. ನನ್ನ ಚೀಲವನ್ನು ಅಂಚೆಯಲ್ಲಿ ಕಳಿಸಿ. ಛತ್ರಿಯನ್ನು ಅಲ್ಲೇ ಎಲ್ಲೋ ಮರೆತೆ.” ನಾಲ್ಕು ವಾಕ್ಯ. ಗಡಿಯಾರದ ಹಲ್ಲುಚಕ್ರ ಜೋಡಿಸಿದ ಹಾಗೆ ಅಕ್ಷರಗಳು ಒಂದಕ್ಕೊಂದು ಸರಿಯಾಗಿ ಕೂತಿವೆ, ಕೈ ಒಂದಿಷ್ಟೂ ನಡುಗಿಲ್ಲ. ಇದನ್ನು ಓದಿದಾಗ ನನಗೆ ಬಂದ ಸಿಟ್ಟಿಗೆ ಚೌಕಿಯ ಒಲೆ ತಾನಾಗಿ ಹೊತ್ತಿಕೊಳ್ಳಬೇಕಿತ್ತು. ನಿನ್ನೆ ಫೋನಿನ ತಂತಿ ಸರಿಯಾಯಿತು, ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಪತ್ರದಲ್ಲಿ ಆ ಸೌಕರ್ಯ ನಿಮಗಿಲ್ಲ, ಹಾಗಾಗಿ ಪತ್ರ.

ಮದುವೆಯಾದ ಐದು ವರ್ಷಕ್ಕೆ ನೀವು ಮೊದಲ ಸಲ ನಮ್ಮ ಮನೆಗೆ ಬಂದಿರಿ. ನಿಮ್ಮ ಮಗಳು ಒಂದೇ ದಿನ ಮೂರು ಸಲ ನೆಲ ಗುಡಿಸಿದಳು. ನೀವು ಬಂದವರೇ, ಒಂದು ಲೋಟ ನೀರೂ ಕುಡಿಯದೆ, ನಮ್ಮ ಕೆಟ್ಟ ಗೋಡೆ ಗಡಿಯಾರವನ್ನು ಇಳಿಸಿ ಬಿಚ್ಚಿ ಹರವಿಕೊಂಡು ಕೂತಿರಿ. ನಾವು ಕೇಳಿರಲಿಲ್ಲ. ಆದರೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಇವಳು ಬಾಗಿಲಿಗೆ ಒರಗಿಕೊಂಡು ನಿಮ್ಮ ಬೆರಳುಗಳನ್ನೇ ನೋಡುತ್ತಿದ್ದಳು. “ಏನೇ ಸೆಕೆಂಡ್ ಮುಳ್ಳು, ನಿಂತಲ್ಲಿ ನಿಂತಿದ್ದೀಯ? ಚಿಕ್ಕ ಚಿಮಟ ಕೊಡು” ಎಂದಿರಿ. ಐದು ವರ್ಷದ ಮೇಲೆ ಆ ಅಡ್ಡಹೆಸರು ಕೇಳಿ ಅವಳ ಮುಖ ಹೇಗಾಯಿತು ಎಂದು ನೀವು ನೋಡಲಿಲ್ಲ. ನಿಮ್ಮ ಕಣ್ಣಿನಲ್ಲಿ ಭೂತಗನ್ನಡಿ ಇತ್ತು.

ಮಾರನೆಯ ದಿನ ಸಂಜೆ ಊಟಕ್ಕೆ ಕೂತಾಗ ಎಲ್ಲ ಕೆಡಿಸಿದಿರಿ. ನಾವು ಕಾಯುವ ಈ ಚೌಕಿಯ ಬಾಗಿಲ ಪಕ್ಕದ ಹಲಗೆ, ಅದರಲ್ಲಿ ಮೂವತ್ತು ಮೊಳೆ, ಮೊಳೆಗೊಂದು ನಂಬರಿನ ಹಿತ್ತಾಳೆ ಬಿಲ್ಲೆ. ಹತ್ತುವವರು ಒಂದನ್ನು ತೆಗೆದುಕೊಂಡು ಹೋಗಬೇಕು, ಇಳಿದ ಮೇಲೆ ತಮ್ಮ ಕೈಯಾರೆ ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಒಬ್ಬ ಮನುಷ್ಯ ಮೇಲಿದ್ದಾನೆ ಎಂದು ಅರ್ಥ, ಅವನು ಬರುವವರೆಗೆ ಗಂಟೆ ಬಾರಿಸಬೇಕು. ಇಷ್ಟನ್ನು ನಿಮಗೆ ವಿವರಿಸಿದ್ದಕ್ಕೆ ನೀವು ನಕ್ಕು ಮಗಳ ಕಡೆ ತಿರುಗಿದಿರಿ. “ನನ್ನ ಅಂಗಡೀಲಿ ಕೂತಿದ್ರೆ ಇಷ್ಟೊತ್ತಿಗೆ ಕೈಗಡಿಯಾರ ಬಿಚ್ಚಿ ಜೋಡಿಸ್ತಿದ್ದೆ. ಇಲ್ಲಿ ಮೊಳೆ ಎಣಿಸ್ಕೊಂಡು ಕೂತಿದ್ದೀಯ” ಎಂದಿರಿ. ಇವಳು ತಲೆ ಎತ್ತದೆ ಹೇಳಿದಳು: “ಅಲ್ಲಿ ಲೆಕ್ಕ ತಪ್ಪಿದ್ರೆ ಗಡಿಯಾರ ನಿಲ್ಲುತ್ತೆ ಅಪ್ಪಾ. ಇಲ್ಲಿ ತಪ್ಪಿದ್ರೆ ಒಬ್ಬ ಮನುಷ್ಯ ಹೋಗ್ತಾನೆ.” ಅಲ್ಲಿಗೆ ಸುಮ್ಮನಾಗಬಹುದಿತ್ತಲ್ಲ? ಆಗಲಿಲ್ಲ. “ನಾಳೆ ನಾನೇ ಹತ್ತಿ ಇಳಿದು ತೋರಿಸ್ತೀನಿ, ನಿಮ್ಮ ಬೆಟ್ಟದ ಬಂಡವಾಳ ಏನು ಅಂತ” ಎಂದು ಕೈ ತೊಳೆಯಲು ಎದ್ದಿರಿ.

ಬೆಳಗ್ಗೆ ಆರಕ್ಕೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು, ಒಪ್ಪುತ್ತೇನೆ. ಆದರೂ ನಾನು ಹೇಳಿದೆ, ಮೂಡಣದ ಅಂಚಿನಲ್ಲಿ ಒಂದು ಬಿಳಿ ಗೀಟಿದೆ, ಹನ್ನೊಂದರ ಹೊತ್ತಿಗೆ ಗಾಳಿ ಬರಬಹುದು ಎಂದು. ನೀವು ಜೇಬಿನಿಂದ ಗಡಿಯಾರ ತೆಗೆದಿರಿ. “ಹನ್ನೊಂದಕ್ಕೋ ಅಳಿಯಂದಿರೇ, ಹನ್ನೊಂದೂ ಎರಡು ನಿಮಿಷಕ್ಕೋ? ಸರಿಯಾಗಿ ಹೇಳಿದ್ರೆ ಮುಳ್ಳು ತಿರುಗಿಸಿ ಇಟ್ಕೋತೀನಿ.” ಆಚೆ ನಿಂತಿದ್ದ ಹೇಸರಗತ್ತೆಯ ಚಿಕ್ಕಪ್ಪ, ಬೆಟ್ಟಕ್ಕೆ ಸಾಮಾನು ಹೊರಿಸುವ ಆ ಮುದುಕ, ಅವನೂ ನಕ್ಕುಬಿಟ್ಟ. ನನಗೂ ನಗು ಬಂತು. ಗಾಳಿ ಬಂದಿದ್ದು ಹತ್ತೂ ಇಪ್ಪತ್ತಕ್ಕೆ. ನಾನೂ ತಪ್ಪಿದೆ, ಮಾವ. ಹದಿನೆಂಟು ವರ್ಷದಿಂದ ಈ ಬೆಟ್ಟದ ಕೆಳಗಿದ್ದೇನೆ, ಎರಡು ದಿನಕ್ಕೊಮ್ಮೆ ತಪ್ಪುತ್ತೇನೆ. ಬಿಸಿಲಿನಲ್ಲಿ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡವನು, ಒಂದು ಲೋಟ ಚಹಾ ಆರುವಷ್ಟರಲ್ಲಿ ಆಲಿಕಲ್ಲಿನ ಏಟು ತಿಂದದ್ದು ನೋಡಿದ್ದೇನೆ. ಇದು ಮೊದಲೇ ಹೇಳಿ ಕೆಡುವ ಹವೆಯಲ್ಲ. ಅದಕ್ಕೇ ಮೊಳೆ, ಅದಕ್ಕೇ ಬಿಲ್ಲೆ. ನಮಗೆ ಎಲ್ಲ ಗೊತ್ತಿದ್ದಿದ್ದರೆ ಹಲಗೆ ಯಾಕೆ ಬೇಕಿತ್ತು?

ಹದಿನಾಲ್ಕನೇ ಬಿಲ್ಲೆಯನ್ನು ನಿಮ್ಮ ಕೋಟಿನ ಗುಂಡಿಗೆ ಕಟ್ಟಿದವಳು ನಿಮ್ಮ ಮಗಳು. “ಇಳಿದ ಮೇಲೆ ನೀನೇ ಬಂದು ತೂಗುಹಾಕ್ಬೇಕು ಅಪ್ಪಾ. ಬೇರೆಯವ್ರು ಹಾಕೋ ಹಾಗಿಲ್ಲ.” “ಆಯ್ತು ಕಣೇ, ಊಟದ ಹೊತ್ತಿಗೆ ಹಾಕ್ತೀನಿ” ಎಂದು ಛತ್ರಿ ಹಿಡಿದು ಹೊರಟಿರಿ. ಛತ್ರಿ! ಆ ಬೆಟ್ಟಕ್ಕೆ ಛತ್ರಿ ಹಿಡಿದು ಹೋದವರನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಬೇಡ ಎಂದರೆ “ಮೂವತ್ತು ವರ್ಷದ ಛತ್ರಿ ಇದು, ನಿಮಗಿಂತ ಗಟ್ಟಿ” ಎಂದಿರಿ.

ಮುಂದಿನದು ನಿಮಗೆ ಗೊತ್ತಿಲ್ಲ, ಕೇಳಿ. ಗಾಳಿ ಎದ್ದ ಕೂಡಲೇ ಮೇಲಿದ್ದ ಒಂಬತ್ತು ಜನ ಒಬ್ಬೊಬ್ಬರಾಗಿ ಇಳಿದರು. ಹದಿಮೂರು ಬಂತು, ಹದಿನೈದು ಬಂತು. ನಡುವಿನದು ಬರಲಿಲ್ಲ. ಮಂಜು ಚೌಕಿಯ ಮೆಟ್ಟಿಲವರೆಗೂ ಇಳಿಯಿತು, ಫೋನಿನ ತಂತಿ ಕಿತ್ತುಬಿತ್ತು. ನಾನು, ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಟೆವು. ಹೋದ ವಾರದ ಮಂಗಳವಾರ, ಬುಧವಾರ, ಗುರುವಾರ, ಮೂರು ದಿನವೂ ಹೋದೆವು. ಅಂಬೆಗಾಲಿಟ್ಟುಕೊಂಡು ನಡೆದ ಕಡೆಯೂ ಉಂಟು. ಚಿಕ್ಕಪ್ಪನ ಎಡಗಿವಿಯ ತುದಿ ಚಳಿಗೆ ಕಪ್ಪಾಗಿ ಸತ್ತುಹೋಗಿದೆ. ಕೇಳಿದರೆ “ಇನ್ನೊಂದಿದೆಯಲ್ಲ ಬಿಡು, ಬೀಗರು ಸಿಗ್ಲಿ ಮೊದ್ಲು” ಎನ್ನುತ್ತಿದ್ದ. ಅವನಿಗೆ ನೀವು ಯಾವ ಜನ್ಮದ ಬೀಗರೋ ಕಾಣೆ. ಆ ಮೂರು ದಿನವೂ ಕತ್ತಲಾಗುವವರೆಗೆ ಕಾಲು ಗಂಟೆಗೊಮ್ಮೆ ಚೌಕಿಯ ಗಂಟೆ ಬಾರಿಸಿದವಳು ಇವಳು. ಗಂಟೆಯ ಹಗ್ಗವನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಅಂಗೈಯ ಚರ್ಮ ಕಿತ್ತು ಬಂತು, ಬಟ್ಟೆ ಸುತ್ತಿಕೊಂಡು ಬಾರಿಸಿದಳು.

ಬುಧವಾರ ಛತ್ರಿ ಸಿಕ್ಕಿತು. ಎಲ್ಲಿ ಎಂದಿರಾ? ದಾರಿ ಗುರುತಿಗೆ ಪೇರಿಸಿದ ಮೂರನೇ ಕಲ್ಲುಗುಪ್ಪೆಯ ಹತ್ತಿರ, ಬೆಟ್ಟದ ಬೆನ್ನಿನ ಮೇಲೆ, ಒಂದಾಳು ನಿಲ್ಲುವಷ್ಟೇ ಅಗಲವಿರುವ ಕಡೆ. ಬಟ್ಟೆ ಚಿಂದಿಯಾಗಿ, ಕಡ್ಡಿಗಳು ಸೊಟ್ಟಗಾಗಿ, ಎರಡು ಬಂಡೆಯ ನಡುವೆ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು. ಅದು ಛತ್ರಿ ಮರೆಯುವ ಜಾಗವೇ, ಮಾವ? ಮೂವತ್ತು ವರ್ಷ ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆಮನೆಯಲ್ಲಿ ಮರೆಯದವರು ಅಲ್ಲಿ ಮರೆತಿರಾ? ಅದರ ಎಡಕ್ಕೆ ಇಣುಕಿದರೆ ನೆಲವೇ ಕಾಣುವುದಿಲ್ಲ. ಚಿಕ್ಕಪ್ಪ ಟೊಪ್ಪಿ ತೆಗೆದ. ನಾನು ಅವನಿಗೆ ಬೈದು ಮತ್ತೆ ಹಾಕಿಸಿದೆ.

ಅದನ್ನು ತಂದು ಇವಳ ಕೈಗೆ ಹೇಗೆ ಕೊಟ್ಟೆನೋ ನನಗೇ ಗೊತ್ತಿಲ್ಲ. ಅವಳು ಅಳಲಿಲ್ಲ. ನಿಮ್ಮ ಚೀಲದಿಂದ ಚಿಕ್ಕ ಇಕ್ಕಳ ತೆಗೆದು, ಗಂಟೆಯ ಕೆಳಗೇ ಕೂತು, ಕಡ್ಡಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡತೊಡಗಿದಳು. ಕಾಲು ಗಂಟೆಯಾದಾಗ ಎದ್ದು ಬಾರಿಸುವುದು, ಮತ್ತೆ ಕೂತು ಕಡ್ಡಿ ತಿದ್ದುವುದು. ಇದು ನಡೆಯುತ್ತಿದ್ದಾಗ ನೀವು ನಿಮ್ಮ ಅಂಗಡಿಯ ಬಾಗಿಲು ತೆಗೆದು ಯಾರದೋ ಕೈಗಡಿಯಾರಕ್ಕೆ ಎಣ್ಣೆ ಬಿಡುತ್ತಿದ್ದಿರಿ.

ಇಷ್ಟಕ್ಕೇ ಆಗಿದ್ದರೆ ನಾನು ಸಿಟ್ಟನ್ನು ನುಂಗಿಕೊಳ್ಳುತ್ತಿದ್ದೆ. ದಾರಿ ತಪ್ಪಿತು, ಬೆಟ್ಟದ ಆಚೆ ಬದಿಗೆ ಇಳಿದಿರಿ, ಸಿಕ್ಕ ಬಸ್ಸು ಹತ್ತಿದಿರಿ, ವಯಸ್ಸಾದವರು, ಗಾಬರಿ, ನಿಯಮ ಮರೆತಿರಿ ಎಂದುಕೊಳ್ಳುತ್ತಿದ್ದೆ. ಆದರೆ ಶನಿವಾರ ಚಿಕ್ಕಪ್ಪ ಕತ್ತೆಗೆ ಮೇವು ತರಲು ಆಚೆ ಬದಿಯ ಊರಿಗೆ ಹೋಗಿದ್ದ. ಅಲ್ಲಿನ ಬಸ್ ಕಂಡಕ್ಟರ್ ಇವನ ಕಿವಿ ನೋಡಿ ಬೆಟ್ಟದ ಮಾತೆತ್ತಿದನಂತೆ. “ಮಂಗಳವಾರ ಒಬ್ಬ ಯಜಮಾನ್ರು ಹತ್ತಿದ್ರು ಮಾರಾಯ್ರೇ. ಅಂಗೈ ಎರಡೂ ತರ್ಚಿ ರಕ್ತ. ಕೋಟಿನ ಗುಂಡಿ ಮುಚ್ಕೊಂಡು ಹಿಡ್ದಿದ್ರು, ಬಿಡ್ಲೇ ಇಲ್ಲ. ದಾರಿಯುದ್ದ ಒಂದೇ ಪ್ರಶ್ನೆ, ‘ಆ ಗಂಟೆ ನಿಲ್ತಾ? ಆ ಗಂಟೆ ನಿಲ್ತಾ?’ ಅಂತ. ಯಾವ ಗಂಟೆ ಅಂದ್ರೆ ಕಿಟಕಿ ಕಡೆ ತಿರುಗ್ಬಿಡೋರು.”

ಅಂದರೆ ನಿಮಗೆ ಕೇಳಿಸಿತ್ತು. ಯಾರು ಬಾರಿಸುತ್ತಿದ್ದಾರೆ, ಯಾರಿಗಾಗಿ ಬಾರಿಸುತ್ತಿದ್ದಾರೆ ಎಂದು ಗೊತ್ತಿತ್ತು. ಗೊತ್ತಿದ್ದೂ ಬಸ್ಸು ಹತ್ತಿದಿರಿ. ಸೋತ ಮುಖ ಹೊತ್ತು ಮಗಳ ಎದುರು ಬಂದು ನಿಲ್ಲುವುದಕ್ಕಿಂತ, ಅವಳು ನಿಮ್ಮನ್ನು ಸತ್ತರು ಎಂದುಕೊಳ್ಳುವುದೇ ವಾಸಿ ಎನಿಸಿತೇ? ಹೆಣ್ಣು ಕೊಟ್ಟ ಮಾವ, ತಂದೆಯ ಸಮಾನ, ಎಲ್ಲ ಸರಿ. ಆದರೆ ಇದನ್ನು ಕೇಳದೆ ಬಿಟ್ಟರೆ ನಾನು ಗಂಡ ಎನ್ನಿಸಿಕೊಳ್ಳಲು ಲಾಯಕ್ಕಲ್ಲ, ಅದಕ್ಕೆ ಕೇಳಿದ್ದೇನೆ. ಈ ಬೆಟ್ಟದಲ್ಲಿ ಸೋಲದವರು ಯಾರೂ ಇಲ್ಲ, ಮಾವ. ಆ ಮೂವತ್ತೂ ಬಿಲ್ಲೆಗಳು ಸೋತು ಇಳಿದವರ ಕೈಯಲ್ಲೇ ಉಜ್ಜಿ ಉಜ್ಜಿ ನಯವಾಗಿರುವುದು.

ಕಂಡಕ್ಟರ್ ಹೇಳಿದ್ದನ್ನು ಇವಳಿಗೆ ನಾನು ಹೇಳಿಲ್ಲ. ಚಿಕ್ಕಪ್ಪನ ಬಾಯನ್ನೂ ಕಟ್ಟಿಹಾಕಿದ್ದೇನೆ. ನಿಮ್ಮ ಚೀಲವನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ನೀವು ರಿಪೇರಿ ಮಾಡಿದ ಗಡಿಯಾರ ಒಂದು ನಿಮಿಷವೂ ಆಚೀಚೆಯಾಗದೆ ನಡೆಯುತ್ತಿದೆ, ಅದನ್ನು ನೋಡಿದಾಗಲೆಲ್ಲ ಇನ್ನಷ್ಟು ಸಿಟ್ಟು ಬರುತ್ತದೆ. ದೇವರು ನಿಮಗೆ ಆಯಸ್ಸು ಕೊಡಲಿ. ಇನ್ನೂ ಬೈಯುವುದು ಬಾಕಿ ಇದೆ.

ಇಂತಿ,
ನಿಮ್ಮ ಕೋಪಗೊಂಡ ಅಳಿಯ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಾರ್ಡನ್ನು ಇವಳು ಓದಿದಳು, ಮಡಿಚಿ ಇಟ್ಟಳು. ಆದರೂ ದಿನಾ ಸಂಜೆ ನಾಲ್ಕಕ್ಕೆ ಎದ್ದು ಹೋಗಿ ಗಂಟೆ ಬಾರಿಸುತ್ತಾಳೆ. “ಅಪ್ಪ ಮನೆ ಮುಟ್ಟಿದ್ದಾರಲ್ಲೇ, ಇನ್ಯಾಕೆ?” ಎಂದರೆ “ಮೊಳೆ ಖಾಲಿ ಇದೆಯಲ್ರೀ” ಎನ್ನುತ್ತಾಳೆ. ಮೊನ್ನೆ ಅವಳು ನೀರಿಗೆ ಹೋದಾಗ ಡಬ್ಬಿಯ ಮುಚ್ಚಳ ಕತ್ತರಿಸಿ, ಹದಿನಾಲ್ಕು ಎಂದು ಕೊರೆದು, ನಾನೇ ತೂಗುಹಾಕಿದೆ. ಬಂದವಳು ಒಂದೇ ನೋಟ ನೋಡಿದಳು, ತೆಗೆದು ಒಲೆಗೆ ಹಾಕಿದಳು. ಅವಳ ಅಂಗೈ ಮಾಯುತ್ತಿಲ್ಲ, ಮಾವ. ಭಾನುವಾರದ ಬಸ್ಸು ಇಲ್ಲಿಗೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬರುತ್ತದೆ, ಚೌಕಿಗೆ ಐದು ನಿಮಿಷದ ನಡಿಗೆ. ನೀವು ಹೊತ್ತು ತಪ್ಪುವವರಲ್ಲ. ಬಿಲ್ಲೆ ತನ್ನಿ. ಛತ್ರಿ ತರಬೇಡಿ, ಹಳೆಯದಕ್ಕೆ ಅವಳು ಹೊಸ ಬಟ್ಟೆ ಹೊಲಿದಿದ್ದಾಳೆ.