ನೆರಳುತೊಟ್ಟಿಗೆ ಗೊತ್ತಿಲ್ಲದ ಏಣಿ

ಇಸವಿ ೨೪೧೮, ಎರಡನೇ ಆಷಾಢದ ಇಪ್ಪತ್ತೈದನೇ ದಿನ

ನಾಲ್ಕು ನೂರು ವರ್ಷದ ಹಿಂದೆ ಕೂತು, ತೊಟ್ಟಿಯೊಳಗಿನ ನೀರಿನ ಓಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಹಿರಿಯರಿಗೆ,

ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ನಾನು ಬೆಸುಗೆ ಕೆಲಸದವನು, ಏಳನೆಯ ತರಗತಿಯವರೆಗೆ ಓದಿದವನು. ದಿನಚರಿ ಬಿಟ್ಟರೆ ಬೇರೇನೂ ಬರೆದು ಗೊತ್ತಿಲ್ಲ. ಹದಿನೆಂಟು ದಿನದಿಂದ ಅದನ್ನೂ ಬರೆದಿಲ್ಲ.

ನಮ್ಮ ಊರಲ್ಲಿ ನೆಲದ ನೀರು ಕುಡಿಯುವ ಹಾಗಿಲ್ಲ. ಅದನ್ನು ಕಾಯಿಸಿ, ಆವಿ ಹಿಡಿದು, ತಣಿಸಿ ಮೂರಾಳೆತ್ತರದ ತೊಟ್ಟಿಗೆ ತುಂಬುತ್ತೇವೆ. ಆ ನೀರಿನಲ್ಲಿ ಸತ್ವವಿರುವುದಿಲ್ಲ. ಅದಕ್ಕೆ ಜೀವಲವಣ ಬೆರೆಸುತ್ತೇವೆ. ತೊಟ್ಟಿಗೆಲ್ಲ ಹರಡಿದರೆ ಅದು ಆಹಾರ, ಒಂದೇ ಲೋಟಕ್ಕೆ ಸೇರಿದರೆ ವಿಷ. ಅದನ್ನು ಕಲಕಲು ತೊಟ್ಟಿಯೊಳಗೆ ಕಬ್ಬಿಣದ ರೆಕ್ಕೆ ತಿರುಗುತ್ತಿರುತ್ತದೆ. ಲವಣ ಎಲ್ಲ ಕಡೆ ಸಮನಾಗಿ ಬೆರೆಯಿತೇ ಎಂದು ಹೇಳುವುದು ನೆರಳುತೊಟ್ಟಿ. ನಿಮ್ಮ ಕಾಲದವರು ಬರೆದ ಲೆಕ್ಕ ಅದು: ಪರದೆಯ ಮೇಲೆ ನಮ್ಮ ತೊಟ್ಟಿಯ ಪಡಿಯಚ್ಚು, ಅದರೊಳಗೆ ನೀರಿನ ಸುಳಿಗಳು. ಲವಣ ಬೆರೆಯದ ಕಡೆ ಕೆಂಪು; ಅದು ಹೋಗಿ ಪೂರ್ತಿ ನೀಲಿಯಾದರೆ ನಲ್ಲಿ ತೆರೆಯಬಹುದು. ತೆರೆದವರೇ ಮೊದಲ ಲೋಟ ಕುಡಿಯಬೇಕು. ನಮ್ಮಲ್ಲಿ ಅದೊಂದು ಮರ್ಯಾದೆ. ನನ್ನ ಅಕ್ಕ ಚಂಪವ್ವ ಇಪ್ಪತ್ತಾರು ವರ್ಷ ಆ ಲೋಟ ಕುಡಿದಳು.

ಈ ಸಲ ತೊಟ್ಟಿ ತೊಳೆಯಲು ಹಗ್ಗ ಹಿಡಿದು ಇಳಿಯುವಾಗ ಅವಳ ಮೊಣಕಾಲು ನಡುಗಿತು. ನಾನು ಒಳಗೋಡೆಗೆ, ನಲ್ಲಿಯ ಪಕ್ಕದಲ್ಲಿ, ಅಗಲ ಮೆಟ್ಟಿಲಿನ ಏಣಿ ಬೆಸೆದೆ.

“ಏ ಈರ್ಯಾ, ನನ್ನ ಮುದುಕಿ ಮಾಡಾಕ ಹೊಂಟೀಯೇನು?” ಎಂದು ನಕ್ಕಳು.

“ಬಿದ್ರ ಎತ್ತಾವ್ರು ಯಾರಬೇ ಅಕ್ಕಾ? ನೀ ಏನ್ ಹಗುರ ಅದೀಯೇನು?” ಎಂದೆ.

ತೊಟ್ಟಿ ತೊಳೆದು, ನೀರು ತುಂಬಿ, ಲವಣ ಹಾಕಿದೆವು. ಮರುದಿನ ಬೆಳಿಗ್ಗೆ ಪರದೆ ನೀಲಿಯಾಯಿತು. ಅಕ್ಕ ನಲ್ಲಿ ತೆರೆದು ಒಂದು ಗುಟುಕು ಕುಡಿದಳು. “ಯಾಕೋ ಕಹಿ ಐತಲ್ಲೋ,” ಎಂದಳು. ಅರ್ಧಕ್ಕೆ ಬಿಟ್ಟರೆ ಸಾಲಿನಲ್ಲಿ ನಿಂತವರು ಹೆದರುತ್ತಾರೆಂದು ಪೂರ್ತಿ ಕುಡಿದಳು. ಹೊತ್ತು ನೆತ್ತಿಗೇರುವ ಮೊದಲು ಅವಳ ಎದೆಬಡಿತ ನಿಂತಿತು.

ನೀರು ಇಳಿಸಿ ನೋಡಿದೆವು. ಏಣಿಯ ಹಿಂದೆ ನೀರು ಅಲುಗಾಡದೆ ನಿಂತು, ಲವಣ ಗಸಿಯಾಗಿ ಕೂತಿತ್ತು. ಪರದೆಯ ಮೇಲೆ ಅದೇ ಜಾಗದಲ್ಲಿ ಸುಳಿ ಚೆಂದವಾಗಿ ತಿರುಗುತ್ತಿತ್ತು. ಅದರ ತೊಟ್ಟಿಯಲ್ಲಿ ಏಣಿಯೇ ಇಲ್ಲ. ಅದಕ್ಕೆ ತಿಳಿಸಬೇಕೆಂದು ನಮಗಾರಿಗೂ ಹೊಳೆದಿರಲಿಲ್ಲ. ನೆರಳಿಗೆ ಎಲ್ಲ ತಾನಾಗಿಯೇ ಕಾಣುತ್ತದೆ ಎಂದುಕೊಂಡಿದ್ದೆವು.

ನನಗೆ ಇನ್ನೂ ಅಳು ಬಂದಿಲ್ಲ. ಕೂತಲ್ಲೇ ಆ ಏಣಿಯ ಮೆಟ್ಟಿಲು ಎಣಿಸುತ್ತೇನೆ. ಹನ್ನೊಂದು. ಮತ್ತೆ ಎಣಿಸುತ್ತೇನೆ.

ನಿಮ್ಮ ಲೆಕ್ಕವನ್ನು ದೂರುವುದಿಲ್ಲ. ಬೇಡುವುದು ಇಷ್ಟೇ: ಪ್ರತಿ ಬೆಳಿಗ್ಗೆ ಬಣ್ಣ ತೋರಿಸುವ ಮೊದಲು ಅದು ನಮ್ಮನ್ನು ಕೇಳುವಂತೆ ಬರೆಯಿರಿ, ನಿನ್ನೆಯಿಂದ ತೊಟ್ಟಿಯೊಳಗೆ ಏನಾದರೂ ಹೊಸದು ಸೇರಿದೆಯೇ ಎಂದು. ಉತ್ತರ ಸಿಗುವ ತನಕ ನೀಲಿ ತೋರಿಸದಿರಲಿ. ಅವತ್ತು ನಾನು ಪರದೆಯ ಪಕ್ಕದಲ್ಲೇ ನಿಂತಿದ್ದೆ. ಕೇಳಿದ್ದರೆ ಹೇಳುತ್ತಿದ್ದೆ.

ಈರಯ್ಯ